ಸ್ಕ್ರೀನ್ ರೀಡರ್ ಬಳಸುವವರು ಕ್ಲೀನಪ್ ಸಾಫ್ಟ್‌ವೇರ್ ಆರಿಸುವ ಮುನ್ನ

ಎರಡು ಮಳೆಗಾಲದ ಹಿಂದಿನ ಮಾತು. ನನ್ನ ಲ್ಯಾಪ್‌ಟಾಪ್ ಆನ್ ಮಾಡಿದರೆ ಅದು ಬಾಯಿಬಿಡಲು ಐದಾರು ನಿಮಿಷ ಹಿಡಿಯುತ್ತಿತ್ತು. ತೀರ್ಥಹಳ್ಳಿ ಕಡೆಯ ನಮ್ಮೂರಿಂದ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು, ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ಕೂತು ಶಿವಮೊಗ್ಗದ ಒಂದು ಅಂಗಡಿಗೆ ಕೊಟ್ಟು ಬಂದೆ. ಮೂರು ದಿನ ಬಿಟ್ಟು ಹೋದಾಗ, "ಸಾರ್, ಕ್ಲೀನರ್ ಹಾಕಿದೀವಿ. ವಾರಕ್ಕೊಂದ್ಸಲ ಒಂದು ಬಟನ್ ಒತ್ತಿದ್ರೆ ಸಾಕು" ಎಂದರು.

ಮನೆಗೆ ಬಂದು ಅದನ್ನು ತೆರೆದೆ. ಟ್ಯಾಬ್ ಒತ್ತಿದರೆ, ಪರದೆಯಲ್ಲಿರುವುದನ್ನು ಅಂಧರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎ "ಬಟನ್" ಎಂದಿತು. ಮತ್ತೆ ಒತ್ತಿದೆ, "ಬಟನ್". ಐದು ಸಲ ಒತ್ತಿದರೆ ಐದು ಬಟನ್, ಒಂದಕ್ಕೂ ಹೆಸರಿಲ್ಲ. ಬಸ್ಸಿನ ಆಯಾಸ ಬೇರೆ. ಮೂರನೆಯದನ್ನು ಒತ್ತಿಬಿಟ್ಟೆ. ಏನೋ ಆಯಿತು, ಏನೆಂದು ಯಾರೂ ಹೇಳಲಿಲ್ಲ. ಮರುದಿನ ನೋಡಿದರೆ ಡೌನ್‌ಲೋಡ್ಸ್ ಫೋಲ್ಡರ್ ಖಾಲಿ. ಒಂಬತ್ತನೇ ತರಗತಿಗೆಂದು ನಾನು ರೆಕಾರ್ಡ್ ಮಾಡಿಟ್ಟಿದ್ದ ಸಮಾಜ ವಿಜ್ಞಾನದ ಪಾಠಗಳೆಲ್ಲ ಅಲ್ಲೇ ಇದ್ದವು. ರೀಸೈಕಲ್ ಬಿನ್ ತೆರೆದರೆ ಅದನ್ನೂ ಗುಡಿಸಿಯಾಗಿತ್ತು.

ಪಾಠಗಳನ್ನು ಡೌನ್‌ಲೋಡ್ಸ್‌ನಲ್ಲಿ ಇಟ್ಟುಕೊಂಡಿದ್ದು ನನ್ನದೇ ಪೆದ್ದುತನ, ಅದನ್ನು ಒಪ್ಪುತ್ತೇನೆ. ಆದರೆ ಅಂದಿನಿಂದ ಒಂದು ಪಟ್ಟು ಹಿಡಿದಿದ್ದೇನೆ: ಏನನ್ನು ಅಳಿಸುತ್ತೇನೆ ಎಂದು ಮೊದಲು ಓದಿ ಹೇಳದ ಕ್ಲೀನರ್ ನನ್ನ ಕಂಪ್ಯೂಟರಿನಲ್ಲಿ ಇರಕೂಡದು. ಅಡಿಕೆ ಆರಿಸುವಾಗ ರಾಶಿ, ಗೊರಬಲು ಎಂಬ ಎರಡು ಬಗೆಯನ್ನು ಕೈಯಲ್ಲಿ ಹಿಡಿಯದೆ ಯಾರಾದರೂ ಬೇರೆ ಮಾಡುತ್ತಾರೆಯೇ? ಕೆಳಗೆ ಹೇಳುವುದೆಲ್ಲ ಈ ಒಂದು ಪಟ್ಟಿನಿಂದ ಹುಟ್ಟಿದ್ದು. ನಾನು ಬಳಸುವುದು ವಿಂಡೋಸ್ ಮತ್ತು ಎನ್‌ವಿಡಿಎ. ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಬಳಸುವವರಿಗೂ ದಾರಿ ಹೆಚ್ಚುಕಡಿಮೆ ಇದೇ, ಕೀಗಳಷ್ಟೇ ಅಲ್ಲಲ್ಲಿ ಬೇರೆ.

ಮೊದಲು: ಕಾಯಿಲೆ ಯಾವುದು ಎಂದು ನೋಡಿ

ಕಂಪ್ಯೂಟರ್ ನಿಧಾನ ಎಂದ ಕೂಡಲೇ ಕಸ ತುಂಬಿದೆ ಎಂದು ತೀರ್ಮಾನಿಸುವುದು ಎಲ್ಲರ ಅಭ್ಯಾಸ. ಮುಕ್ಕಾಲು ಪಾಲು ಸಲ ಅದು ಸುಳ್ಳು. ವಿಂಡೋಸ್ ಕೀ ಜೊತೆ ಇ ಒತ್ತಿ, ದಿಸ್ ಪಿಸಿಗೆ ಹೋಗಿ, ಸಿ ಡ್ರೈವ್ ಮೇಲೆ ನಿಂತು ಆಲ್ಟ್ ಎಂಟರ್ ಒತ್ತಿ. ತೆರೆದ ಕಿಟಕಿಯಲ್ಲಿ ಇನ್ಸರ್ಟ್ ಜೊತೆ ಬಿ ಒತ್ತಿದರೆ ಇಡೀ ಕಿಟಕಿಯನ್ನು ಓದುತ್ತದೆ. ಜಾಸ್‌ನಲ್ಲೂ ಅದೇ ಕೀ. ಬಳಸಿದ ಜಾಗ ಎಷ್ಟು, ಉಳಿದ ಜಾಗ ಎಷ್ಟು ಎಂದು ಅಲ್ಲಿ ಕೇಳುತ್ತದೆ. ನಲವತ್ತೋ ಐವತ್ತೋ ಜಿಬಿ ಖಾಲಿ ಇದ್ದೂ ಯಂತ್ರ ತೆವಳುತ್ತಿದ್ದರೆ ಯಾವ ಕ್ಲೀನರ್ ಹಾಕಿದರೂ ಅದು ಓಡುವುದಿಲ್ಲ.

ಆಗ ನೋಡಬೇಕಾದ್ದು ಬೇರೆ. ಒಳಗಿರುವುದು ತಿರುಗುವ ಹಳೆಯ ಹಾರ್ಡ್ ಡಿಸ್ಕೋ, ತಿರುಗದ ವೇಗದ ಎಸ್‌ಎಸ್‌ಡಿಯೋ? ರ್‍ಯಾಮ್ ಎಷ್ಟು? ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಲೆಕ್ಕ 4 ಜಿಬಿ ರ್‍ಯಾಮ್, 64 ಜಿಬಿ ಜಾಗ. ಬರೀ ಕನಿಷ್ಠವನ್ನೇ ಇಟ್ಟುಕೊಂಡು ಬ್ರೌಸರ್, ಸ್ಕ್ರೀನ್ ರೀಡರ್, ವರ್ಡ್ ಮೂರನ್ನೂ ಎಳೆಯಿರಿ ಎಂದರೆ ಅದೂ ಏದುಸಿರು ಬಿಡುತ್ತದೆ. ನನ್ನ ಲ್ಯಾಪ್‌ಟಾಪಿನ ರೋಗ ಕೊನೆಗೆ ಗೊತ್ತಾಗಿದ್ದೂ ಇದೇ: ಹಳೆಯ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ ಮೇಲೆ ಅರ್ಧ ನಿಮಿಷದಲ್ಲಿ ಮಾತಾಡುತ್ತದೆ.

ಶುರುವಾಗುವಾಗ ಜೊತೆಗೆ ಏಳುವ ಪ್ರೋಗ್ರಾಮುಗಳನ್ನು ಸೆಟ್ಟಿಂಗ್ಸ್‌ನ ಆ್ಯಪ್ಸ್ ಒಳಗಿನ ಸ್ಟಾರ್ಟಪ್‌ನಲ್ಲಿ ಒಂದೊಂದಾಗಿ ಆಫ್ ಮಾಡಬಹುದು. ಪ್ರತಿಯೊಂದರ ಹೆಸರೂ ಆನ್ ಅಥವಾ ಆಫ್ ಎಂಬುದೂ ಸ್ಪಷ್ಟವಾಗಿ ಕೇಳುತ್ತದೆ. ಹೆಸರು ಗುರುತು ಸಿಗದಿದ್ದರೆ ಮುಟ್ಟಬೇಡಿ. ನಿಮ್ಮ ಸ್ಕ್ರೀನ್ ರೀಡರಿನದೋ, ಧ್ವನಿಯದೋ, ಸೌಂಡ್ ಡ್ರೈವರಿನದೋ ಇರಬಹುದು. ಕಣ್ಣಿರುವವರಿಗೆ ಸೌಂಡ್ ಹೋದರೆ ಹಾಡು ಮಾತ್ರ ಹೋಗುತ್ತದೆ, ನಮಗೆ ಇಡೀ ಕಂಪ್ಯೂಟರೇ ಹೋಗುತ್ತದೆ.

ಎರಡನೆಯದು: ಮನೆಯಲ್ಲೇ ಇರುವ ಪೊರಕೆ

ವಿಂಡೋಸ್ ಒಳಗೇ ಗುಡಿಸುವ ಸಾಧನಗಳಿವೆ, ಸ್ಕ್ರೀನ್ ರೀಡರ್ ಜೊತೆ ಚೆನ್ನಾಗಿಯೇ ಮಾತಾಡುತ್ತವೆ. ಹೊರಗಿನದನ್ನು ಹುಡುಕುವ ಮೊದಲು ಇವನ್ನು ಬಳಸಿ ನೋಡಿ. ಹತ್ತರಲ್ಲಿ ಒಂಬತ್ತು ಜನಕ್ಕೆ ಇಲ್ಲಿಗೇ ಕೆಲಸ ಮುಗಿಯುತ್ತದೆ ಎಂಬುದು ನನ್ನ ಅಂದಾಜು.

ಹಳೆಯದರ ಹೆಸರು ಡಿಸ್ಕ್ ಕ್ಲೀನಪ್. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸಿ, ಎಲ್, ಇ, ಎ, ಎನ್, ಎಂ, ಜಿ, ಆರ್ ಎಂಬ ಅಕ್ಷರಗಳನ್ನು ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಕೊಡಿ. ಡ್ರೈವ್ ಯಾವುದೆಂದು ಕೇಳಿದರೆ ಸಿ ಆರಿಸಿ. ಸ್ವಲ್ಪ ಲೆಕ್ಕ ಹಾಕಿ, ಚೆಕ್‌ಬಾಕ್ಸ್‌ಗಳ ಪಟ್ಟಿ ತೆರೆಯುತ್ತದೆ. ಕೆಳಗಿನ ಬಾಣದಲ್ಲಿ ಇಳಿಯುತ್ತಾ ಹೋದರೆ ಹೆಸರು, ಗಾತ್ರ, ಟಿಕ್ ಇದೆಯೋ ಇಲ್ಲವೋ ಮೂರೂ ಕೇಳುತ್ತವೆ. ಬೇಕಾದ್ದಕ್ಕೆ ಸ್ಪೇಸ್‌ಬಾರ್. ಟ್ಯಾಬ್ ಒತ್ತಿದರೆ ಆ ಸಾಲಿನ ವಿವರಣೆ, ಕೆಲವಕ್ಕೆ ಫೈಲ್‌ಗಳನ್ನು ತೆರೆದು ನೋಡುವ ಬಟನ್ ಸಿಗುತ್ತದೆ. ಕ್ಲೀನರ್ ಎಂದರೆ ಹೀಗೆ ಇರಬೇಕು. ಬೇರೆ ಯಾವುದನ್ನು ತೂಗುವಾಗಲೂ ಇದನ್ನೇ ತಕ್ಕಡಿಯ ಇನ್ನೊಂದು ಬದಿಗೆ ಇಡಿ.

ಒಂದು ಕಡೆ ಮಾತ್ರ ಹೊಸಬರು ಎಡವುತ್ತಾರೆ. ಸಿಸ್ಟಮ್ ಫೈಲ್‌ಗಳನ್ನೂ ಗುಡಿಸುವ ಬಟನ್ ಒತ್ತಿದರೆ ಕಿಟಕಿ ಮುಚ್ಚಿ, ಡ್ರೈವ್ ಯಾವುದೆಂದು ಮತ್ತೆ ಮೊದಲಿನಿಂದ ಕೇಳುತ್ತದೆ. ಕೆಟ್ಟು ನಿಂತಿತು ಎಂದು ಗಾಬರಿಯಾಗಬೇಡಿ. ಮತ್ತೆ ಸಿ ಆರಿಸಿದರೆ ಪಟ್ಟಿ ಈ ಸಲ ಉದ್ದವಾಗಿ ಬರುತ್ತದೆ. ವಿಂಡೋಸ್ ಅಪ್‌ಡೇಟ್‌ನ ಹಳೆಯ ಸಾಮಾನು ಸೇರುವುದು ಇಲ್ಲಿ. ಡಿಸ್ಕ್ ಕ್ಲೀನಪ್‌ಗೆ ಇನ್ನು ಹೊಸದೇನೂ ಸೇರಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ 2018ರಲ್ಲೇ ಸೂಚಿಸಿದೆ. ಅದರ ಜಾಗಕ್ಕೆ ಬಂದದ್ದು ಸ್ಟೋರೇಜ್ ಸೆನ್ಸ್.

ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಅದರೊಳಗೆ ಟೆಂಪರರಿ ಫೈಲ್ಸ್. ಇಲ್ಲೂ ಚೆಕ್‌ಬಾಕ್ಸ್‌ಗಳೇ, ಇಲ್ಲೂ ಗಾತ್ರ ಓದುತ್ತದೆ. ತೆರೆದ ಕೂಡಲೇ ಹುಡುಕಾಟ ನಡೆಯುತ್ತಿರುತ್ತದೆ, ಪೂರ್ತಿ ಪಟ್ಟಿ ಬರುವವರೆಗೆ ಕಾಯಿರಿ. ಥಂಬ್‌ನೇಲ್ಸ್ ಎಂಬುದನ್ನು ಧೈರ್ಯವಾಗಿ ಅಳಿಸಬಹುದು, ಆ ಪುಟ್ಟ ಚಿತ್ರಗಳಿಂದ ನಮಗಂತೂ ಏನೂ ಆಗಬೇಕಾಗಿಲ್ಲ. ಹಳೆಯ ವಿಂಡೋಸ್ ಪ್ರತಿ ಎಂಬುದು ಇದ್ದರೆ ಅದು ದೊಡ್ಡ ಗಾತ್ರದ್ದು. ಅದನ್ನು ಅಳಿಸಿದರೆ ಹಿಂದಿನ ಆವೃತ್ತಿಗೆ ಮರಳುವ ದಾರಿ ಮುಚ್ಚುತ್ತದೆ. ಸುಮ್ಮನೆ ಬಿಟ್ಟರೂ ಹತ್ತು ದಿನಕ್ಕೆ ವಿಂಡೋಸೇ ಅದನ್ನು ತೆಗೆದುಹಾಕುತ್ತದೆ. ಡೌನ್‌ಲೋಡ್ಸ್ ಕೂಡ ಇದೇ ಪಟ್ಟಿಯಲ್ಲಿ ಬರುತ್ತದೆ! ಮೊದಲಿಗೆ ಅದಕ್ಕೆ ಟಿಕ್ ಇರುವುದಿಲ್ಲ. ಬಾಣ ಒತ್ತುತ್ತಾ ಹೋಗುವಾಗ ಕೈತಪ್ಪಿ ಸ್ಪೇಸ್‌ಬಾರ್ ಬಿದ್ದಿಲ್ಲವೆಂದು ಇನ್ನೊಮ್ಮೆ ಹಿಂದೆ ಹೋಗಿ ಕೇಳಿಸಿಕೊಂಡ ಮೇಲೆಯೇ ರಿಮೂವ್ ಒತ್ತಿ.

ಸ್ಟೋರೇಜ್ ಸೆನ್ಸ್ ತಾನಾಗಿಯೇ ಓಡುವಂತೆ ಬಿಡಬಹುದು. ಆದರೆ ಮಲೆನಾಡಿನವರು ಅದರಲ್ಲೊಂದು ಆಯ್ಕೆಯನ್ನು ಕಿವಿಗೊಟ್ಟು ಕೇಳಬೇಕು. ಒನ್‌ಡ್ರೈವ್‌ನಲ್ಲಿ ಇಟ್ಟ ಫೈಲನ್ನು ಇಷ್ಟು ದಿನ ತೆರೆಯದಿದ್ದರೆ ಲ್ಯಾಪ್‌ಟಾಪಿನಿಂದ ತೆಗೆದು ಆನ್‌ಲೈನ್‌ನಲ್ಲಿ ಮಾತ್ರ ಇಡು ಎನ್ನುವ ಆಯ್ಕೆ ಅದು. ಬೆಂಗಳೂರಿನಲ್ಲಿ ಇದು ಜಾಣತನ. ಆಗಸ್ಟ್ ತಿಂಗಳಲ್ಲಿ ಮರ ಬಿದ್ದು ನಾಲ್ಕು ದಿನ ನೆಟ್‌ವರ್ಕ್ ಇಲ್ಲದ ಹೊಸನಗರದ ಮನೆಯಲ್ಲಿ ಫೈಲ್ ಹೆಸರು ಕೇಳುತ್ತದೆ, ಫೈಲ್ ತೆರೆಯುವುದಿಲ್ಲ. ಅದನ್ನು ನೆವರ್ ಎಂದೇ ಇಡಿ.

ಇಂಥದ್ದೇ ಇನ್ನೊಂದು: ಹೈಬರ್ನೇಷನ್ ಫೈಲ್ ತೆಗೆದರೆ ಹಲವು ಜಿಬಿ ಉಳಿಯುತ್ತದೆ ಎಂದು ತುಂಬ ಕಡೆ ಬರೆದಿರುತ್ತಾರೆ. ಉಳಿಯುವುದು ನಿಜ. ಆದರೆ ಕರೆಂಟ್ ಹೋಗಿ ಬ್ಯಾಟರಿ ತಳ ಕಂಡಾಗ, ತೆರೆದಿದ್ದ ಕೆಲಸವನ್ನೆಲ್ಲ ಡಿಸ್ಕಿಗೆ ಬರೆದು ಮಲಗುವ ವ್ಯವಸ್ಥೆಯೇ ಅದು. ನಮ್ಮ ಕಡೆಯ ಕರೆಂಟ್ ನಂಬಿಕೊಂಡು ಅದನ್ನು ಕಿತ್ತುಹಾಕುವ ಧೈರ್ಯ ನನಗಿಲ್ಲ.

ಟೆಂಪ್ ಫೋಲ್ಡರನ್ನು ಕೈಯಾರೆ ಗುಡಿಸುವುದೂ ಸುಲಭ. ವಿಂಡೋಸ್ ಕೀ ಜೊತೆ ಆರ್ ಒತ್ತಿದಾಗ ತೆರೆಯುವ ರನ್ ಕಿಟಕಿಯಲ್ಲಿ ಪರ್ಸೆಂಟ್ ಚಿಹ್ನೆ, ಟೆಂಪ್, ಮತ್ತೆ ಪರ್ಸೆಂಟ್ ಚಿಹ್ನೆ ಹಾಕಿ ಎಂಟರ್ ಕೊಡಿ. ಕಂಟ್ರೋಲ್ ಎ, ಆಮೇಲೆ ಡಿಲೀಟ್. ಬಳಕೆಯಲ್ಲಿರುವ ಫೈಲ್ ಅಳಿಸಲಾಗದು ಎಂದು ತಕರಾರು ತೆಗೆದರೆ ಎಲ್ಲದಕ್ಕೂ ಅನ್ವಯಿಸು ಎಂಬ ಚೆಕ್‌ಬಾಕ್ಸಿಗೆ ಟಿಕ್ ಹಾಕಿ ಸ್ಕಿಪ್ ಮಾಡಿ.

ಮೂರನೆಯದು: ಹೊರಗಿನದು ಬೇಕೇ ಬೇಕೆಂದರೆ

ಕೆಲವರಿಗೆ ಬೇಕಾಗುತ್ತದೆ. ನಾಲ್ಕೈದು ಬ್ರೌಸರುಗಳ ಕ್ಯಾಶ್, ಅಂದರೆ ತಾಣಗಳಿಂದ ತಂದು ಕೂಡಿಟ್ಟ ತಾತ್ಕಾಲಿಕ ಫೈಲುಗಳನ್ನು, ಒಟ್ಟಿಗೆ ತೆಗೆಯಬೇಕು, ಅನ್‌ಇನ್‌ಸ್ಟಾಲ್ ಆದ ಮೇಲೂ ಉಳಿದ ಫೋಲ್ಡರ್ ಹುಡುಕಬೇಕು, ಹೀಗೆ.

ಡೌನ್‌ಲೋಡ್ ಪುಟದಲ್ಲೇ ಮೊದಲ ಪರೀಕ್ಷೆ ಶುರು. ಪುಟ ತೆರೆದು ಇನ್ಸರ್ಟ್ ಎಫ್7 ಒತ್ತಿ ಲಿಂಕುಗಳ ಪಟ್ಟಿ ನೋಡಿ. "ಡೌನ್‌ಲೋಡ್", "ಡೌನ್‌ಲೋಡ್ ನೌ", "ಸ್ಟಾರ್ಟ್ ಡೌನ್‌ಲೋಡ್", "ಫ್ರೀ ಡೌನ್‌ಲೋಡ್" ಎಂದು ನಾಲ್ಕೈದು ಸಾಲಾಗಿ ಬಂದರೆ ಅದರಲ್ಲಿ ಮೂರು ಜಾಹೀರಾತು. ನೋಡುವವರಿಗೆ ಬಣ್ಣ, ಗಾತ್ರದಿಂದ ಸುಳಿವು ಸಿಗಬಹುದು, ನಮಗೆ ಎಲ್ಲವೂ ಒಂದೇ ದನಿಯಲ್ಲಿ "ಲಿಂಕ್". ಇಂಥ ಪುಟ ಮುಚ್ಚಿ. ತಯಾರಕರ ಸ್ವಂತ ತಾಣ ಅಥವಾ ಮೈಕ್ರೋಸಾಫ್ಟ್ ಸ್ಟೋರ್, ಎರಡೇ ಬಾಗಿಲು.

ತಯಾರಕರ ತಾಣದಿಂದ ತಂದರೆ ಅಪಾಯವೇ ಇಲ್ಲ ಎಂದೂ ಹೇಳುವ ಹಾಗಿಲ್ಲ. ಅಂಧ ಬಳಕೆದಾರರಲ್ಲಿ ಬಹಳ ಕಾಲ ಓಡಿದ ಹೆಸರು ಸಿಕ್ಲೀನರ್. 2017ರ ಆಗಸ್ಟ್‌ನಲ್ಲಿ ಬಂದ ಅದರ 5.33 ಆವೃತ್ತಿಯೊಳಗೆ ಯಾರೋ ಕಳ್ಳ ಕೋಡ್ ಸೇರಿಸಿದ್ದರು. ಅದು ಹೋಗಿದ್ದು ಅಧಿಕೃತ ತಾಣದಿಂದಲೇ, ಸರಿಯಾದ ಡಿಜಿಟಲ್ ಸಹಿಯೊಂದಿಗೇ. ಸುಮಾರು 22.7 ಲಕ್ಷ ಕಂಪ್ಯೂಟರುಗಳಿಗೆ ತಲುಪಿತ್ತು ಎಂದು ಕಂಪನಿಯೇ ಹೇಳಿತು. ಆಮೇಲೆ ಅದನ್ನು ಸರಿಪಡಿಸಿದರು, ಅದು ಬೇರೆ ಮಾತು. ಕ್ಲೀನರಿಗೆ ನಾವು ಕೊಡುವುದು ಅಡ್ಮಿನಿಸ್ಟ್ರೇಟರ್ ಅಧಿಕಾರ, ಅಂದರೆ ಮನೆಯ ಬೀರು ಕೀಲಿಯನ್ನೂ ಸೇರಿಸಿ ಇಡೀ ಗೊಂಚಲು. ಬೇಕಿಲ್ಲದೆ ಯಾಕೆ ಕೊಡಬೇಕು ಎಂಬುದಷ್ಟೇ ನನ್ನ ತಕರಾರು.

ಇನ್‌ಸ್ಟಾಲ್ ಮಾಡುವಾಗ ಪ್ರತಿ ಪುಟಕ್ಕೂ ಇನ್ಸರ್ಟ್ ಬಿ ಒತ್ತಿ ಪೂರ್ತಿ ಕೇಳಿ. ನೆಕ್ಸ್ಟ್ ಬಟನ್ ಮೇಲೇ ಫೋಕಸ್ ನಿಂತಿರುವುದರಿಂದ ಎಂಟರ್, ಎಂಟರ್ ಎಂದು ಹೋಗಿಬಿಡುವ ಆಸೆಯಾಗುತ್ತದೆ. ನಿಮಗೆ ಬೇಡದ ಬ್ರೌಸರೋ ಟೂಲ್‌ಬಾರೋ ಮನೆಯೊಳಗೆ ಬರುವುದು ಅದೇ ಎಂಟರುಗಳ ನಡುವೆ.

ನಾಲ್ಕನೆಯದು: ಅಳಿಸದೆ, ಬರೀ ಕಿವಿಯಿಂದ ಪರೀಕ್ಷೆ

ಇದು ಮುಖ್ಯ ಘಟ್ಟ, ಇದಕ್ಕೆ ಅರ್ಧ ಗಂಟೆ ಎತ್ತಿಡಿ. ಯಾವುದನ್ನೂ ರನ್ ಮಾಡಬೇಡಿ. ಟ್ಯಾಬ್ ಒತ್ತುತ್ತಾ ಒಂದು ಪೂರ್ತಿ ಸುತ್ತು ಹೋಗಿ, ಹೊರಟಲ್ಲಿಗೇ ಮರಳಿ ಬನ್ನಿ. ದಾರಿಯಲ್ಲಿ ಕೇಳಿದ್ದನ್ನು ಗಮನಿಸಿ. ಪ್ರತಿ ಬಟನ್‌ಗೂ ಹೆಸರಿದೆಯೇ? ಟ್ಯಾಬ್ ಒಂದು ಕಡೆ ಸಿಕ್ಕಿಹಾಕಿಕೊಂಡು ಅಲ್ಲೇ ತಿರುಗುತ್ತಿದೆಯೇ? "ಪೇನ್" ಅಥವಾ "ಅನ್‌ನೋನ್" ಎಂದು ಹೇಳಿ ಸುಮ್ಮನಾಗುತ್ತಿದೆಯೇ? ಆಲ್ಟ್ ಒತ್ತಿದರೆ ಮೆನು ಸಿಗುತ್ತದೆಯೇ?

ಆಮೇಲೆ ಅಳಿಸುವ ವಸ್ತುಗಳ ಪಟ್ಟಿಗೆ ಹೋಗಿ. ಇಲ್ಲಿ ಎರಡು ಬಗೆಯ ವಂಚನೆ ನೋಡಿದ್ದೇನೆ. ಒಂದರಲ್ಲಿ ಹೆಸರು ಓದುತ್ತದೆ, ಟಿಕ್ ಇದೆಯೋ ಇಲ್ಲವೋ ಹೇಳುವುದಿಲ್ಲ. ಸ್ಪೇಸ್‌ಬಾರ್ ಒತ್ತಿದಾಗಲೂ ಮೌನ. ಟಿಕ್ ಬಿತ್ತೋ, ಇದ್ದ ಟಿಕ್ ಹೋಯಿತೋ ದೇವರಿಗೇ ಗೊತ್ತು. ಇನ್ನೊಂದರಲ್ಲಿ ಟಿಕ್ ಸ್ಥಿತಿ ಹೇಳುತ್ತದೆ, ಹೆಸರೇ ಇಲ್ಲ: "ಚೆಕ್‌ಬಾಕ್ಸ್ ಚೆಕ್ಡ್, ಚೆಕ್‌ಬಾಕ್ಸ್ ಚೆಕ್ಡ್, ಚೆಕ್‌ಬಾಕ್ಸ್ ನಾಟ್ ಚೆಕ್ಡ್". ಎರಡರಲ್ಲಿ ಯಾವುದು ಕಂಡರೂ ಅಲ್ಲೇ ಅನ್‌ಇನ್‌ಸ್ಟಾಲ್ ಮಾಡಿ. ಮುಂದಿನ ಪರೀಕ್ಷೆಯೇ ಬೇಡ.

ಪಳಗಿದವರು ಇಲ್ಲಿ ಒಂದು ಮಾತು ತೆಗೆಯುತ್ತಾರೆ: "ಇನ್ಸರ್ಟ್ ಆರ್ ಒತ್ತಿ ಓಸಿಆರ್ ಮಾಡಿದರೆ ಪರದೆಯ ಅಕ್ಷರ ಎಲ್ಲ ಓದುತ್ತದಲ್ಲ." ಹೌದು, ಓದುತ್ತದೆ. ಎಷ್ಟೋ ಮೊಂಡ ಸಾಫ್ಟ್‌ವೇರನ್ನು ನಾನೂ ಹಾಗೇ ಪಳಗಿಸಿದ್ದೇನೆ. ಕ್ಲೀನರಿಗೆ ಮಾತ್ರ ಆ ಉಪಾಯ ಬೇಡ. ಓಸಿಆರ್ ಓದುವುದು ಅಕ್ಷರವನ್ನು, ಪಕ್ಕದ ಪೆಟ್ಟಿಗೆಯಲ್ಲಿ ಟಿಕ್ ಇದೆಯೇ ಎಂಬುದನ್ನಲ್ಲ. ಹಾಡು ಕೇಳುವ ಪ್ಲೇಯರಿನಲ್ಲಿ ಊಹೆ ತಪ್ಪಿದರೆ ಬೇರೆ ಹಾಡು ಬರುತ್ತದೆ, ಇಲ್ಲಿ ತಪ್ಪಿದರೆ ಪಾಠಗಳು ಹೋಗುತ್ತವೆ.

ಮುಂದೆ ಸ್ಕ್ಯಾನ್ ಅಥವಾ ಅನಲೈಸ್ ಎಂಬ ಬಟನ್. ಸ್ಕ್ಯಾನ್ ಬೇರೆ, ಕ್ಲೀನ್ ಬೇರೆ ಆಗಿರಬೇಕು. ಎರಡನ್ನೂ ಒಂದೇ ಗುಂಡಿಗೆ ಕಟ್ಟಿದ ಸಾಫ್ಟ್‌ವೇರ್ ನಮಗಲ್ಲ. ಸ್ಕ್ಯಾನ್ ನಡೆಯುವಾಗ ಪ್ರೊಗ್ರೆಸ್ ಬಾರ್‌ನ ಸದ್ದು ಕೇಳಬೇಕು. ಎನ್‌ವಿಡಿಎ ಮಾಮೂಲಾಗಿ ಬೀಪ್ ಕೊಡುತ್ತದೆ, ಇನ್ಸರ್ಟ್ ಯು ಒತ್ತಿ ಅದನ್ನು ಮಾತಿಗೂ ಬದಲಿಸಬಹುದು. ಬೀಪೂ ಇಲ್ಲ, ಮಾತೂ ಇಲ್ಲ ಎಂದರೆ ಅದು ಮುಗಿದಿದೆಯೋ ನಿಂತಿದೆಯೋ ತಿಳಿಯದೆ ಮತ್ತೆ ಮತ್ತೆ ಎಂಟರ್ ಒತ್ತುತ್ತೇವೆ, ಆ ಎಂಟರ್ ಎಲ್ಲಿ ಹೋಗಿ ಬೀಳುತ್ತದೋ.

ಕೊನೆಗೆ ಫಲಿತಾಂಶ. ಕೆಲವು ಸಾಫ್ಟ್‌ವೇರುಗಳು ಜಾಗ ಹೋದದ್ದೆಲ್ಲಿ ಎಂಬುದನ್ನು ಬಣ್ಣಬಣ್ಣದ ಚೌಕಗಳ ನಕ್ಷೆಯಾಗಿ ತೋರಿಸುತ್ತವೆ. ಅಕ್ಕನ ಮಗ ಒಂದು ಸಲ ಅಂಥದ್ದನ್ನು ತೆರೆದು, "ಮಾವ, ಇಲ್ಲಿ ಒಂದು ದೊಡ್ಡ ನೀಲಿ ಚೌಕ ಇದೆ, ಪಕ್ಕದಲ್ಲಿ ಹಸಿರು" ಎಂದ. "ಆ ನೀಲಿ ಯಾವ ಫೈಲಪ್ಪ?" ಎಂದೆ. "ಅದರ ಮೇಲೆ ಮೌಸ್ ಇಟ್ಟರೆ ಹೇಳತ್ತೆ" ಎಂದ. ಮೌಸ್ ಇಟ್ಟರೆ ಮಾತ್ರ ಹೇಳುವ ಫಲಿತಾಂಶ ನಮಗೆ ಇಲ್ಲದ ಹಾಗೆಯೇ. ಬಾಣದ ಕೀಯಲ್ಲಿ ಸಾಲು ಸಾಲಾಗಿ ಓದಬಲ್ಲ ಪಟ್ಟಿ, ಸಾಧ್ಯವಾದರೆ ನೋಟ್‌ಪ್ಯಾಡಿಗೆ ಕಾಪಿ ಆಗುವ ಪಟ್ಟಿ ಬೇಕು. ಚಿತ್ರ ಎಷ್ಟೇ ಇರಲಿ, ಪಕ್ಕದಲ್ಲಿ ಪಟ್ಟಿಯೂ ಇದ್ದರೆ ತೊಂದರೆಯಿಲ್ಲ.

"1,482 ಸಮಸ್ಯೆಗಳು ಸಿಕ್ಕಿವೆ, ಈಗಲೇ ಹಣ ಕಟ್ಟಿ" ಎಂದು ಹೆದರಿಸುವ ಜಾತಿಯೊಂದಿದೆ. ಆ 1,482 ಯಾವುವು ಎಂದು ಪಟ್ಟಿ ಕೇಳಿ ನೋಡಿ. ಬಹುತೇಕ ಕುಕಿಗಳೇ, ಅಂದರೆ ತಾಣಗಳು ಬ್ರೌಸರಿನಲ್ಲಿ ಬಿಟ್ಟುಹೋಗುವ ಪುಟ್ಟ ಗುರುತುಗಳೇ, ಇರುತ್ತವೆ.

ಪೋರ್ಟಬಲ್ ಎನ್‌ವಿಡಿಎ ಇಟ್ಟುಕೊಂಡವರಿಗೆ

ಸೈಬರ್ ಸೆಂಟರಿನಲ್ಲೋ ಆಫೀಸಿನಲ್ಲೋ ಪೆನ್‌ಡ್ರೈವ್‌ನಿಂದ ಎನ್‌ವಿಡಿಎ ಓಡಿಸುವವರು ನಮ್ಮಲ್ಲಿ ಬಹಳ. ಕ್ಲೀನರ್ ತೆರೆದ ಕೂಡಲೇ ಅವರ ಕಂಪ್ಯೂಟರ್ ಮೂಕಾಗುತ್ತದೆ, ಬೈಗುಳ ಕ್ಲೀನರಿಗೆ ಬೀಳುತ್ತದೆ. ಪೋರ್ಟಬಲ್ ಪ್ರತಿಗೆ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡುವ ಪ್ರೋಗ್ರಾಮನ್ನು ಓದಲಾಗದು, "ಈ ಪ್ರೋಗ್ರಾಮಿಗೆ ಅನುಮತಿ ಕೊಡುತ್ತೀರಾ" ಎಂದು ವಿಂಡೋಸ್ ಕೇಳುವ ಪರದೆಯನ್ನೂ ಓದಲಾಗದು. ಕ್ಲೀನರುಗಳು ಹೆಚ್ಚಾಗಿ ಓಡುವುದೇ ಆ ಅಧಿಕಾರದಲ್ಲಿ. ಎನ್‌ವಿಡಿಎಯನ್ನು ಸರಿಯಾಗಿ ಇನ್‌ಸ್ಟಾಲ್ ಮಾಡಿ ಆಮೇಲೆ ಪರೀಕ್ಷಿಸಿ. ಜಾಸ್‌ನ ಉಚಿತ ಪ್ರಯೋಗ ನಲವತ್ತು ನಿಮಿಷಕ್ಕೆ ನಿಲ್ಲುತ್ತದೆ. ಕ್ಲೀನ್ ನಡೆಯುವ ಮಧ್ಯದಲ್ಲೇ ಅದು ನಿಂತರೆ ಚಡಪಡಿಸಬೇಕಾಗುತ್ತದೆ.

ಧ್ವನಿ ಹೋಯಿತೆಂದರೆ ಮೊದಲು ಕಂಟ್ರೋಲ್ ಆಲ್ಟ್ ಎನ್, ಎನ್‌ವಿಡಿಎ ಮತ್ತೆ ಏಳುತ್ತದೆ. ಆಗದಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ, ವಿಂಡೋಸ್ ಜೊತೆಗೇ ಬರುವ ಸ್ಕ್ರೀನ್ ರೀಡರ್ ನರೇಟರ್ ಎಬ್ಬಿಸಿ. ಈ ಎರಡು ಕಟ್ಟುಗಳು ಬೆರಳಿಗೆ ಬಂದ ಮೇಲೆಯೇ ಯಾವುದೇ ಕ್ಲೀನರ್ ಹತ್ತಿರ ಹೋಗಿ.

ಮುಖ ತೋರಿಸದಿದ್ದರೂ ಮಾತಾಡುವ ಒಂದು

ಬ್ಲೀಚ್‌ಬಿಟ್ ಎಂಬುದು ಉಚಿತ, ಮುಕ್ತ ತಂತ್ರಾಂಶ, 2008ರಿಂದ ಇದೆ. ಅದರ ಕಿಟಕಿಯನ್ನು ಕಟ್ಟಿರುವುದು ಜಿಟಿಕೆ ಎಂಬ ಸಲಕರಣೆಯಿಂದ. ವಿಂಡೋಸ್‌ನಲ್ಲಿ ಅದರ ಕಿಟಕಿಗೂ ನಮ್ಮ ಸ್ಕ್ರೀನ್ ರೀಡರಿಗೂ ಮಾತುಕತೆಯಿಲ್ಲ. ಮೇಲಿನ ಪರೀಕ್ಷೆಯಲ್ಲಿ ಅದು ಮೊದಲ ನಿಮಿಷಕ್ಕೇ ಫೇಲ್. ಆದರೆ ಅದರ ಫೋಲ್ಡರಿನಲ್ಲೇ ಬ್ಲೀಚ್‌ಬಿಟ್ ಅಂಡರ್‌ಸ್ಕೋರ್ ಕನ್ಸೋಲ್ ಎಂಬ ಇನ್ನೊಂದು ಪ್ರೋಗ್ರಾಂ ಕೂತಿದೆ. ಅದು ಕಮಾಂಡ್ ಪ್ರಾಂಪ್ಟಿನಲ್ಲಿ ಓಡುತ್ತದೆ. ಅಲ್ಲಿರುವುದು ಬರೀ ಅಕ್ಷರ, ಅಕ್ಷರವಿದ್ದರೆ ನಮ್ಮದೇ ರಾಜ್ಯ.

ಬಳಸುವುದು ಹೀಗೆ. ಬ್ಲೀಚ್‌ಬಿಟ್ ಇರುವ ಫೋಲ್ಡರನ್ನು ತೆರೆಯಿರಿ. ಆಲ್ಟ್ ಡಿ ಒತ್ತಿ, ಸಿ ಎಂ ಡಿ ಎಂದು ಟೈಪ್ ಮಾಡಿ ಎಂಟರ್. ಅದೇ ಫೋಲ್ಡರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಪ್ರೋಗ್ರಾಮಿನ ಹೆಸರು ಬರೆದು, ಒಂದು ಜಾಗ ಬಿಟ್ಟು, ಎರಡು ಹೈಫನ್ ಹಾಕಿ ಲಿಸ್ಟ್ ಎಂದು ಬರೆದರೆ ಅದು ಏನೇನು ಗುಡಿಸಬಲ್ಲದು ಎಂಬ ಪಟ್ಟಿ ಬರುತ್ತದೆ. ಲಿಸ್ಟ್ ಬದಲು ಪ್ರಿವ್ಯೂ ಎಂದು ಬರೆದು, ಜಾಗ ಬಿಟ್ಟು, ಪಟ್ಟಿಯಿಂದ ಬೇಕಾದ ಹೆಸರು ಕೊಟ್ಟರೆ ಯಾವ ಯಾವ ಫೈಲ್ ಹೋಗಲಿದೆ, ಎಷ್ಟು ಜಾಗ ಸಿಗಲಿದೆ ಎಂದು ಹೇಳುತ್ತದೆ, ಏನನ್ನೂ ಅಳಿಸುವುದಿಲ್ಲ. ಸಾಲುಗಳು ಸಾವಿರಾರು ಆದರೆ ಕೊನೆಯಲ್ಲಿ ಒಂದು ನೆಟ್ಟನೆ ಗೆರೆಯ ಚಿಹ್ನೆ ಹಾಕಿ ಕ್ಲಿಪ್ ಎಂದು ಸೇರಿಸಿ. ಇಡೀ ಪಟ್ಟಿ ಕ್ಲಿಪ್‌ಬೋರ್ಡಿಗೆ ಹೋಗುತ್ತದೆ, ನೋಟ್‌ಪ್ಯಾಡಿನಲ್ಲಿ ಅಂಟಿಸಿ ಕಾಫಿ ಕುಡಿಯುತ್ತಾ ಓದಬಹುದು. ಒಪ್ಪಿಗೆಯಾದ ಮೇಲೆ ಪ್ರಿವ್ಯೂ ಜಾಗದಲ್ಲಿ ಕ್ಲೀನ್. ಎಲ್ಲ ಅಕ್ಷರವೂ ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ.

ನನಗೆ ಇದಕ್ಕಿಂತ ಹಿಡಿಸಿದ ಕ್ಲೀನರ್ ಇನ್ನೊಂದಿಲ್ಲ. ಚೆಂದದ ಕಿಟಕಿಯಿದ್ದೂ ಬಾಯಿಲ್ಲದ್ದಕ್ಕಿಂತ ಕಿಟಕಿಯೇ ಬೇಡದೆ ಎಲ್ಲವನ್ನೂ ಬಿಡಿಸಿ ಹೇಳುವುದು ಮೇಲು.

ಟಿಕ್ ಹಾಕಬಾರದ ಕಡೆಗಳು

ಕುಕಿಗಳನ್ನು ಅಳಿಸುವ ಮುನ್ನ ಎರಡು ಸಲ ಯೋಚಿಸಿ. ಅಳಿಸಿದರೆ ಎಲ್ಲ ತಾಣಗಳಿಂದಲೂ ಹೊರಬರುತ್ತೀರಿ, ಮತ್ತೆ ಲಾಗಿನ್, ಮತ್ತೆ ಓಟಿಪಿ, ಮತ್ತೆ ಕ್ಯಾಪ್ಚಾ. ಧ್ವನಿ ಇಲ್ಲದ, ಚಿತ್ರದ ಕ್ಯಾಪ್ಚಾ ಇಟ್ಟ ತಾಣವಾದರೆ ಒಳಗೆ ಹೋಗಲು ಯಾರಾದರೂ ಮನೆಗೆ ಬರುವವರೆಗೆ ಕಾಯಬೇಕು. ಉಳಿಸಿಟ್ಟ ಪಾಸ್‌ವರ್ಡ್ ಎಂಬುದಂತೂ ಮುಟ್ಟಲೇಬೇಡಿ. ಕ್ಯಾಶ್ ಅಳಿಸಿ, ಅದರಿಂದ ನಷ್ಟವಿಲ್ಲ.

ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯನ್ನು ಗುಡಿಸುವ ರಿಜಿಸ್ಟ್ರಿ ಕ್ಲೀನರ್ ಎಂಬ ಭಾಗ ಇದ್ದರೆ ಅದರತ್ತ ಹೋಗದಿರುವುದೇ ಒಳ್ಳೆಯದು. ಇಂಥವುಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಬರೆದೇ ಹೇಳಿದೆ. ನಮಗೆ ಇನ್ನೂ ಒಂದು ಕಾರಣವಿದೆ. ಸ್ಕ್ರೀನ್ ರೀಡರ್ ಬಳಸುವ ಧ್ವನಿಗಳು ಎಲ್ಲಿವೆ ಎಂಬ ನೋಂದಣಿಯೂ ಆ ರಿಜಿಸ್ಟ್ರಿಯಲ್ಲೇ ಇರುತ್ತದೆ. ಉಳಿಯುವ ಜಾಗವೋ, ಒಂದು ಫೋಟೋ ಅಷ್ಟೂ ಇಲ್ಲ.

ಇನ್ನೊಂದು ಕನ್ನಡದವರದೇ ತಾಪತ್ರಯ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ, ಯೂನಿಕೋಡ್ ಅಲ್ಲದ ಕಾಲದಲ್ಲಿ ಟೈಪ್ ಮಾಡಿದ ಫೈಲುಗಳು. ಪರದೆಯ ಮೇಲೆ ಅವು ಅಚ್ಚ ಕನ್ನಡ, ಸ್ಕ್ರೀನ್ ರೀಡರಿನಲ್ಲಿ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಬೆರಕೆ. ದೊಡ್ಡ ಫೈಲ್, ಹಳೆಯ ಫೈಲ್ ಎಂದು ಕ್ಲೀನರ್ ತೋರಿಸಿದ್ದನ್ನು ತೆರೆದು ಕೇಳಿ, ಹಾಳಾದ ಫೈಲ್ ಎಂದುಕೊಂಡು ನಾನೊಮ್ಮೆ ಅಳಿಸಲು ಹೊರಟಿದ್ದೆ. ಅಷ್ಟರಲ್ಲಿ ಅಕ್ಕನ ಮಗ ನೋಡಿ, "ಮಾವ, ಇದು ಅಜ್ಜನ ಜಮೀನಿನ ಅರ್ಜಿ" ಎಂದ. ಅಂಥದ್ದು ಸಿಕ್ಕರೆ ಯೂನಿಕೋಡಿಗೆ ಪರಿವರ್ತಿಸಿ ಓದಿ ನೋಡಿ, ಆಮೇಲೆ ತೀರ್ಮಾನಿಸಿ.

ಮೊದಲ ಸಲ ಓಡಿಸುವ ದಿನ

ಬೇಕಾದ ಫೈಲುಗಳನ್ನು ಪೆನ್‌ಡ್ರೈವಿಗೋ ಹೊರಗಿನ ಡಿಸ್ಕಿಗೋ ಕಾಪಿ ಮಾಡಿ, ಅದನ್ನು ಕಿತ್ತು ಪಕ್ಕಕ್ಕಿಡಿ. ಸಿಸ್ಟಮ್ ರಿಸ್ಟೋರ್ ಪಾಯಿಂಟ್ ಮಾಡಿಕೊಂಡರೆ ಒಳ್ಳೆಯದೇ. ಆದರೆ ಅದು ವಿಂಡೋಸ್ ಸೆಟ್ಟಿಂಗುಗಳನ್ನು ಹಿಂದಕ್ಕೆ ತರುತ್ತದೆಯೇ ಹೊರತು ಅಳಿಸಿದ ನಿಮ್ಮ ರೆಕಾರ್ಡಿಂಗನ್ನಲ್ಲ. ಬ್ಯಾಟರಿ ತುಂಬಿರಲಿ, ಚಾರ್ಜರೂ ಸಿಕ್ಕಿಸಿರಲಿ. ಗುಡುಗು ಶುರುವಾದ ಸಂಜೆ ಮಾತ್ರ ಬೇಡ.

ಮೊದಲ ಸಲ ಒಂದೇ ಒಂದು ಸಾಲಿಗೆ ಟಿಕ್ ಹಾಕಿ, ಟೆಂಪರರಿ ಫೈಲ್ ಸಾಕು. ಓಡಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಎನ್‌ವಿಡಿಎ ಎಂದಿನಂತೆ ಎದ್ದಿತೇ ನೋಡಿ. ಎರಡು ದಿನ ಬಿಟ್ಟು ಇನ್ನೊಂದು ಸಾಲು. ಆ ಸಾಫ್ಟ್‌ವೇರಿಗೆ ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಟ್ಯಾಬ್ ಸುತ್ತು ಮತ್ತೊಮ್ಮೆ ಹೋಗಿ ಬನ್ನಿ. ಹೊಸ ವಿನ್ಯಾಸದ ಹೆಸರಿನಲ್ಲಿ ನಿನ್ನೆ ಮಾತಾಡುತ್ತಿದ್ದ ಬಟನ್ ಇವತ್ತು ಮೂಕಾಗಿರುತ್ತದೆ.

ಹಾಗಾದರೆ ತಯಾರಕರಿಗೆ ಬರೆಯಿರಿ. "ನಿಮ್ಮ ಸಾಫ್ಟ್‌ವೇರ್ ಅಂಧರಿಗೆ ಅನುಕೂಲವಿಲ್ಲ" ಎಂದಷ್ಟೇ ಬರೆದರೆ ಅವರಿಗೂ ಏನು ಮಾಡಬೇಕೆಂದು ತಿಳಿಯದು. ವಿಂಡೋಸ್ ಆವೃತ್ತಿ, ಎನ್‌ವಿಡಿಎ ಆವೃತ್ತಿ, ಯಾವ ಕಿಟಕಿಯಲ್ಲಿ ಎಷ್ಟನೇ ಟ್ಯಾಬ್‌ಗೆ ಏನು ಕೇಳಿತು, ಏನು ಕೇಳಬೇಕಿತ್ತು, ಇಷ್ಟು ಬರೆಯಿರಿ. ಎನ್‌ವಿಡಿಎ ಮೆನುವಿನ ಟೂಲ್ಸ್ ಒಳಗೆ ಸ್ಪೀಚ್ ವ್ಯೂವರ್ ಇದೆ, ಹೇಳಿದ ಮಾತೆಲ್ಲ ಅಲ್ಲಿ ಅಕ್ಷರವಾಗಿ ಸಿಗುತ್ತದೆ. ಅದನ್ನೇ ಕಾಪಿ ಮಾಡಿ ಕಳಿಸಿ. ನಾನು ಕಳಿಸಿದ ಒಂದು ಪತ್ರದಲ್ಲಿ ಇದ್ದದ್ದು ಐದೇ ಸಾಲು, ಐದರಲ್ಲೂ "ಬಟನ್" ಎಂಬ ಒಂದೇ ಪದ. ಉತ್ತರ ಇನ್ನೂ ಬಂದಿಲ್ಲ.